ಚಯಾಪಚಯ ದೋಷವಿರುವ ಮಗುವಿನ ಮೂತ್ರ ಪರೀಕ್ಷೆ: ಹಿಡಿಯುವುದು, ಕಳಿಸುವುದು, ವರದಿ ಓದುವುದು

"ಮೂತ್ರದ ವರದಿಯಲ್ಲಿ ಮೂರು ತಿಂಗಳ ಹಿಂದೆ 600 ಇತ್ತು, ಈಗ 1,400 ಬಂದಿದೆ. ಮಗು ಚೆನ್ನಾಗಿಯೇ ಆಡಿಕೊಂಡಿದೆ. ಊಟದಲ್ಲಿ ನಾವೇನು ತಪ್ಪು ಮಾಡಿದೆವು?" ಈ ಪ್ರಶ್ನೆ ಬಾರದ ವಾರವಿಲ್ಲ. ಕೇಳುವವರು ಹೆಚ್ಚಾಗಿ ತಾಯಂದಿರು. ಸಂಖ್ಯೆ ಏರಿದ್ದಕ್ಕೆ ತಮ್ಮ ಕೈಯಡುಗೆಯೇ ಕಾರಣವೆಂದು ನಿದ್ದೆಗೆಟ್ಟವರು. ಲ್ಯಾಬಿನಲ್ಲಿ ಮಾದರಿಗಳನ್ನು ತೆಗೆದುಕೊಳ್ಳುವ ಮೇಜಿನ ಹಿಂದೆ ಹಲವು ವರ್ಷ ಕುಳಿತವಳಾಗಿ ನಾನು ಹೇಳಬಲ್ಲೆ: ಎಷ್ಟೋ ಸಲ ತಪ್ಪು ಊಟದಲ್ಲಿ ಇರುವುದಿಲ್ಲ. ಮೂತ್ರ ಹಿಡಿದದ್ದರಲ್ಲಿ, ಸಾಗಿಸಿದ್ದರಲ್ಲಿ ಅಥವಾ ವರದಿಯನ್ನು ಓದಿದ್ದರಲ್ಲಿ ಇರುತ್ತದೆ.

ತಿಂದ ಆಹಾರವನ್ನು ದೇಹ ಹಂತಹಂತವಾಗಿ ಒಡೆದು ಬಳಸಿಕೊಳ್ಳುತ್ತದೆ. ಪ್ರತಿ ಹಂತಕ್ಕೂ ಒಂದು ಕಿಣ್ವ ಬೇಕು. ಆ ಕೆಲಸ ಮಾಡಿಸುವ ಪ್ರೋಟೀನ್ ಅದು. ಒಂದು ಕಿಣ್ವ ಹುಟ್ಟಿನಿಂದಲೇ ಇಲ್ಲದಿದ್ದರೆ ಅಥವಾ ಸೊರಗಿದ್ದರೆ ಆ ಹಂತದ ಹಿಂದಿನ ವಸ್ತು ರಕ್ತದಲ್ಲಿ ತುಂಬಿಕೊಂಡು ಮೂತ್ರದಲ್ಲಿ ಹೊರಬೀಳುತ್ತದೆ. ಇದೇ ವಂಶವಾಹಿ ಚಯಾಪಚಯ ದೋಷ. ಹಾಗೆ ಹೊರಬೀಳುವ, ಅಳೆದರೆ ಕಾಯಿಲೆಯ ಹತೋಟಿ ತಿಳಿಸುವ ವಸ್ತುವೇ ಜೈವಿಕ ಸೂಚಕ. ಚುಚ್ಚದೆ, ಮಗುವನ್ನು ಅಳಿಸದೆ ಸಿಗುತ್ತದೆಂಬುದು ಮೂತ್ರದ ದೊಡ್ಡ ಅನುಕೂಲ.

ಮುಂದೆ ಓದುವ ಮೊದಲು ಒಂದು ಎಚ್ಚರಿಕೆ. ಮಗು ಬಿಡದೆ ವಾಂತಿ ಮಾಡುತ್ತಿದ್ದರೆ, ಹಾಲು ಬಿಟ್ಟಿದ್ದರೆ, ಮಂಪರಿನಲ್ಲಿದ್ದರೆ, ಏದುಸಿರು ಬಿಡುತ್ತಿದ್ದರೆ ಬಾಟಲಿ ಹುಡುಕುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಆಗ ಬೇಕಾದದ್ದು ರಕ್ತದ ಅಮೋನಿಯ, ಗ್ಲೂಕೋಸ್ ಮತ್ತು ಆಮ್ಲದ ಪ್ರಮಾಣ. ಅದು ಅಲ್ಲೇ, ಅಂದೇ ಗೊತ್ತಾಗಬೇಕು. ಮೂತ್ರದ ವರದಿಗೆ ದಿನಗಟ್ಟಲೆ ಹಿಡಿಯುತ್ತದೆ. ಆದರೆ ಆಸ್ಪತ್ರೆಗೆ ಸೇರಿದ ಮೇಲೆ ಮಗು ಹೊಯ್ಯುವ ಮೊದಲ ಮೂತ್ರವನ್ನು ತೆಗೆದಿಡಲು ದಾದಿಯರಿಗೆ ಹೇಳಿ. ಕಾಯಿಲೆ ಉಲ್ಬಣಿಸಿದ ಹೊತ್ತಿನ ಮೂತ್ರದಲ್ಲಿ ಸಿಗುವ ಮಾಹಿತಿ, ಚೇತರಿಸಿಕೊಂಡ ಮೇಲಿನ ಮೂತ್ರದಲ್ಲಿ ಸಿಗುವುದಿಲ್ಲ. ಅದಕ್ಕಾಗಿ ಗ್ಲೂಕೋಸ್ ಡ್ರಿಪ್ ಮಾತ್ರ ತಡವಾಗಬಾರದು.

1. ನಿಮ್ಮ ಮಗುವಿನ ಸೂಚಕ ಯಾವುದೆಂದು ಬರೆದಿಟ್ಟುಕೊಳ್ಳಿ

"ಮೂತ್ರ ಪರೀಕ್ಷೆ" ಎಂದು ಮಾತ್ರ ಹೇಳಿದರೆ ಊರಿನ ಲ್ಯಾಬಿನವರು ಸಕ್ಕರೆ, ಕೀವು ನೋಡಿ ಕಳಿಸುತ್ತಾರೆ. ಪರೀಕ್ಷೆಯ ಪೂರ್ಣ ಹೆಸರು ಚೀಟಿಯಲ್ಲಿರಲಿ.

ಮಿಥೈಲ್‌ಮಲೋನಿಕ್ ಅಸಿಡಿಮಿಯ (ಪ್ರೋಟೀನ್ ಪೂರ್ತಿ ಒಡೆಯದೆ ದೇಹದಲ್ಲಿ ಆಮ್ಲ ತುಂಬುವ ದೋಷ) ಇದ್ದರೆ ಮೂತ್ರದ ಸಾವಯವ ಆಮ್ಲಗಳ, ಅಂದರೆ ಆಹಾರ ಒಡೆಯುವಾಗ ಹುಟ್ಟುವ ಆಮ್ಲಗಳ, ಪರೀಕ್ಷೆ. ಅದರೊಳಗೆ ಮಿಥೈಲ್‌ಮಲೋನಿಕ್ ಆಮ್ಲದ ಪ್ರಮಾಣ. ಟೈರೊಸಿನಿಮಿಯ ಒಂದನೇ ಬಗೆಗೆ ಸಕ್ಸಿನೈಲ್ ಅಸಿಟೋನ್. ನೈಟಿಸಿನೋನ್ ಔಷಧ ಸರಿಯಾಗಿ ಹೋಗುತ್ತಿದ್ದರೆ ಇದು ಮೂತ್ರದಲ್ಲಿ ಕಾಣಿಸಲೇಬಾರದು. ಕಾಣಿಸಿತೆಂದರೆ ಔಷಧ ತಪ್ಪಿದೆ ಅಥವಾ ಪ್ರಮಾಣ ಸಾಲದಾಗಿದೆ. ಆಲ್ಕಾಪ್ಟೊನ್ಯೂರಿಯದಲ್ಲಿ ಹೋಮೊಜೆಂಟಿಸಿಕ್ ಆಮ್ಲ. ಗಾಳಿಗೆ ಬಿಟ್ಟ ಮೂತ್ರವನ್ನು ಕಪ್ಪಾಗಿಸುವುದು ಇದೇ. ಅಮೋನಿಯವನ್ನು ಯೂರಿಯವಾಗಿಸಿ ಹೊರಹಾಕುವ ಯೂರಿಯ ಚಕ್ರದಲ್ಲಿ ಒಟಿಸಿ ಎಂಬ ಕಿಣ್ವದ ಕೊರತೆಯಿದ್ದರೆ ಒರೋಟಿಕ್ ಆಮ್ಲ. ತೀವ್ರ ಪೋರ್ಫೈರಿಯದಲ್ಲಿ ಪೋರ್ಫೋಬಿಲಿನೋಜೆನ್. ಇದನ್ನು ಹೊಟ್ಟೆನೋವು ಬಂದಿರುವಾಗಲೇ ಹಿಡಿಯಬೇಕು.

ಮ್ಯೂಕೊಪಾಲಿಸ್ಯಾಕರಿಡೋಸಿಸ್ ಇರುವವರಿಗೆ ಗ್ಲೈಕೋಸಅಮಿನೊಗ್ಲೈಕನ್ ಪರೀಕ್ಷೆ ಇದೆ. ಬಾಯಿ ತಿರುಗದ ಹೆಸರು. ಅಂಗಾಂಶಗಳಲ್ಲಿ ಇರುವ, ಈ ಕಾಯಿಲೆಯಲ್ಲಿ ಒಡೆಯದೆ ಉಳಿಯುವ ಉದ್ದನೆಯ ಸಕ್ಕರೆ ಸರಪಳಿ ಎಂದು ತಿಳಿದರೆ ಸಾಕು. ಕಿಣ್ವದ ಇಂಜೆಕ್ಷನ್ ಶುರುವಾದ ಮೇಲೆ ಇದು ಇಳಿಯಬೇಕು. ಇಳಿಯಿತೆಂದರೆ ಔಷಧ ಕೆಲಸ ಮಾಡುತ್ತಿದೆ ಎಂದರ್ಥ. ಮೂಳೆ, ಮಿದುಳು, ಹೃದಯದ ಕವಾಟ ಸುಧಾರಿಸಿದವು ಎಂದರ್ಥವಲ್ಲ. ಅವನ್ನು ಬೇರೆಯೇ ನೋಡಬೇಕು. ಈ ವ್ಯತ್ಯಾಸವನ್ನು ಯಾರೂ ಬಿಡಿಸಿ ಹೇಳದೆ ಪಾಲಕರು ಅನಾವಶ್ಯಕ ಭರವಸೆಯಲ್ಲಿ ಇದ್ದದ್ದನ್ನು ಕಂಡು ನನಗೆ ಬಹಳ ನೋವಾಗಿದೆ.

ಎಲ್ಲ ಕಾಯಿಲೆಗೂ ಮೂತ್ರ ಸಾಲದು. ಫೀನೈಲ್‌ಕೀಟೊನ್ಯೂರಿಯವನ್ನು ನಾರ್ವೆಯ ವೈದ್ಯ ಆಸ್ಬ್ಯೋರ್ನ್ ಫೋಲಿಂಗ್ 1934ರಲ್ಲಿ ಗುರುತಿಸಿದ್ದು ಇಬ್ಬರು ಮಕ್ಕಳ ಮೂತ್ರಕ್ಕೆ ಫೆರಿಕ್ ಕ್ಲೋರೈಡ್ ಹಾಕಿದಾಗ ಬಂದ ಹಸಿರು ಬಣ್ಣದಿಂದ. ಆದರೂ ಆ ಕಾಯಿಲೆಯ ಹತೋಟಿಯನ್ನು ಇಂದು ರಕ್ತದಲ್ಲಿರುವ, ಪ್ರೋಟೀನಿನ ಅಂಶವಾದ ಫೀನೈಲ್‌ಅಲನೈನ್ ನೋಡಿಯೇ ನಿರ್ಧರಿಸುತ್ತಾರೆ. ಮೇಪಲ್ ಸಿರಪ್ ಮೂತ್ರ ರೋಗದಲ್ಲೂ ರಕ್ತದಲ್ಲಿರುವ ಅಂಥದೇ ಇನ್ನೊಂದು ಅಂಶ ಲ್ಯೂಸಿನ್ನೇ ಮುಖ್ಯ. ಈ ಎರಡಕ್ಕೆ "ಮೂತ್ರ ನೋಡಿದೆವು, ಚೆನ್ನಾಗಿದೆ" ಎಂದು ರಕ್ತಪರೀಕ್ಷೆ ತಪ್ಪಿಸಬೇಡಿ.

2. ಬೇಕಾದ ಸಾಮಗ್ರಿ

ಲ್ಯಾಬಿನಿಂದಲೇ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಬಾಟಲಿ ತನ್ನಿ. ಔಷಧದ ಬಾಟಲಿ, ಉಪ್ಪಿನಕಾಯಿಯ ಡಬ್ಬಿ ಎಷ್ಟು ತೊಳೆದರೂ ಬೇಡ. ಸಾಮಾನ್ಯವಾಗಿ 5ರಿಂದ 10 ಮಿ.ಲೀ. ಮೂತ್ರ ಸಾಕಾಗುತ್ತದೆ. ಬಾಟಲಿಯಲ್ಲಿ ಯಾವ ಸಂರಕ್ಷಕವೂ ಬೇಡ. ಬೇಕಿದ್ದರೆ ಲ್ಯಾಬಿನವರೇ ಹಾಕಿ ಕೊಡುತ್ತಾರೆ. ಹಾಗೆ ಕೊಟ್ಟ ಡಬ್ಬಿಯಲ್ಲಿ ಆಮ್ಲ ಇರಬಹುದು, ಅದನ್ನು ಚೆಲ್ಲಿ ತೊಳೆಯಬೇಡಿ. ಹೆಸರು, ದಿನಾಂಕ, ಹಿಡಿದ ಗಂಟೆಯನ್ನು ನೀರಿಗೆ ಅಳಿಸದ ಮಾರ್ಕರ್ ಪೆನ್ನಿನಲ್ಲಿ ಬಾಟಲಿಯ ಮೈಮೇಲೆ ಬರೆಯಿರಿ, ಮುಚ್ಚಳದ ಮೇಲಲ್ಲ.

3. ಹಿಡಿಯುವುದು

ಮೊದಲು ಬಹು ದೊಡ್ಡ ತಪ್ಪು ತಿಳಿವಳಿಕೆಯನ್ನು ತೆಗೆದುಹಾಕೋಣ. ರಕ್ತದ ಸಕ್ಕರೆ ಪರೀಕ್ಷೆಯ ರೂಢಿಯಿಂದ ಹಲವರು ಮಗುವನ್ನು ಖಾಲಿ ಹೊಟ್ಟೆಯಲ್ಲಿ ಕರೆತರುತ್ತಾರೆ. ಸಾವಯವ ಆಮ್ಲದ ದೋಷ, ಯೂರಿಯ ಚಕ್ರದ ದೋಷ ಇರುವ ಮಗುವಿಗೆ ಹಸಿವೇ ಶತ್ರು. ಹೊಟ್ಟೆ ಖಾಲಿಯಾದರೆ ದೇಹ ತನ್ನದೇ ಸ್ನಾಯುವನ್ನು ಕರಗಿಸಿಕೊಳ್ಳುತ್ತದೆ, ವಿಷದ ಪ್ರಮಾಣ ಏರುತ್ತದೆ, ಮಗು ಅಪಾಯಕ್ಕೆ ಸಿಲುಕಬಹುದು. ವೈದ್ಯರು ಬರೆದುಕೊಡದ ಹೊರತು ಉಪವಾಸ ಬೇಡ. ಬೆಳಗಿನ ಮೊದಲ ಮೂತ್ರ ಗಟ್ಟಿಯಾಗಿರುವುದರಿಂದ ಅದು ಒಳ್ಳೆಯದು. ಅದನ್ನು ಹಿಡಿದ ಕೂಡಲೇ ಎಂದಿನ ಹಾಲೋ ಗಂಜಿಯೋ ಕೊಟ್ಟುಬಿಡಿ. ರಾತ್ರಿ ಎಬ್ಬಿಸಿ ಹಾಲು ಕೊಡುವ ರೂಢಿಯಿದ್ದರೆ ಆ ರಾತ್ರಿಯೂ ಕೊಡಿ.

ಸಮಯ ಯಾವುದಾದರೂ ಇರಲಿ, ಪ್ರತಿ ಸಲವೂ ಅದೇ ಇರಲಿ. ಮಾರ್ಚ್‌ನಲ್ಲಿ ಬೆಳಗಿನದು, ಜೂನ್‌ನಲ್ಲಿ ಮಧ್ಯಾಹ್ನ ಊಟವಾದ ಮೇಲಿನದು ಕಳಿಸಿದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲಾಗದು.

ಹಸುಗೂಸಿಗೆ: ಚರ್ಮವನ್ನು ಬರಿ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಅಂಟಿಸುವ ಮೂತ್ರ ಚೀಲ ಹಾಕಿ. ಪೌಡರ್, ಕ್ರೀಮ್, ಎಣ್ಣೆ ಬೇಡ. ಚೀಲ ಅಂಟುವುದಿಲ್ಲ, ಮೂತ್ರಕ್ಕೂ ಬೆರೆಯುತ್ತದೆ. ಹತ್ತಿಪ್ಪತ್ತು ನಿಮಿಷಕ್ಕೊಮ್ಮೆ ನೋಡುತ್ತಿರಿ. ತಣ್ಣೀರಿನಲ್ಲಿ ಅದ್ದಿದ ಬಟ್ಟೆಯಿಂದ ಕಿಬ್ಬೊಟ್ಟೆಯನ್ನು ಸುತ್ತಾಗಿ ಮೆಲ್ಲನೆ ಸವರಿದರೆ ಎಷ್ಟೋ ಕೂಸುಗಳು ಸ್ವಲ್ಪ ಹೊತ್ತಿನಲ್ಲೇ ಉಚ್ಚೆ ಹೊಯ್ಯುತ್ತವೆ. ಅಜ್ಜಿಯರ "ಸುಸ್" ಸದ್ದೂ ಜೊತೆಗಿರಲಿ. ಮಲ ಬೆರೆತಿದ್ದರೆ ಚೆಲ್ಲಿಬಿಡಿ, ಮತ್ತೊಮ್ಮೆ ಹಿಡಿಯಿರಿ. ಡಯಾಪರ್ ಹಿಂಡಿ ತೆಗೆದ ಮೂತ್ರ ಬೇಡವೇ ಬೇಡ. ಅದರೊಳಗಿನ ಜೆಲ್ ಏನನ್ನು ಹೀರಿ ಏನನ್ನು ಬಿಟ್ಟಿತೆಂದು ಯಾರಿಗೂ ಹೇಳಲಾಗದು. ದೊಡ್ಡ ಮಕ್ಕಳಾದರೆ ಮೊದಲ ಧಾರೆ ಬಿಟ್ಟು ನಡುವಿನದನ್ನು ಹಿಡಿಯಲಿ. ಮುಟ್ಟಿನ ದಿನಗಳಲ್ಲಿ ಪರೀಕ್ಷೆ ಮುಂದೂಡಿ.

ಸಿಸ್ಟಿನ್ಯೂರಿಯ ಇರುವವರು ಇಡೀ 24 ಗಂಟೆಯ ಮೂತ್ರ ಕೂಡಿಸಬೇಕಾಗುತ್ತದೆ. ಸಿಸ್ಟೀನ್ ಎಂಬ ಅಮೈನೋ ಆಮ್ಲ ಮೂತ್ರದಲ್ಲಿ ಹರಳಾಗಿ ಮತ್ತೆ ಮತ್ತೆ ಕಲ್ಲು ಕಟ್ಟುವ ಕಾಯಿಲೆ ಇದು. ಬೆಳಿಗ್ಗೆ 6ಕ್ಕೆ ಆರಂಭಿಸುತ್ತೀರಿ ಎನ್ನಿ. 6ಕ್ಕೆ ಹೋದ ಮೂತ್ರ ಶೌಚಾಲಯಕ್ಕೆ. ಅದು ಹಿಂದಿನ ರಾತ್ರಿಯದು, ಲೆಕ್ಕಕ್ಕಿಲ್ಲ. ಅಲ್ಲಿಂದ ಮುಂದಿನ ಪ್ರತಿ ಹನಿಯೂ ಕ್ಯಾನಿಗೆ. ಮರುದಿನ ಬೆಳಿಗ್ಗೆ 6ಕ್ಕೆ ಹೋಗುವುದೂ ಕ್ಯಾನಿಗೆ. ಮೊದಲನೆಯದನ್ನು ಸೇರಿಸುವುದು, ಕೊನೆಯದನ್ನು ಮರೆಯುವುದು, ಮಲವಿಸರ್ಜನೆಗೆ ಹೋದಾಗ ಜೊತೆಗೆ ಹೋದ ಮೂತ್ರವನ್ನು ಬಿಟ್ಟುಬಿಡುವುದು: ಮೂರೂ ದಿನನಿತ್ಯ ಕಾಣುವ ತಪ್ಪುಗಳು. ಒಂದು ಸಲ ತಪ್ಪಿದರೂ ಮುಚ್ಚಿಡದೆ ಲ್ಯಾಬಿಗೆ ಹೇಳಿ. ಈ ಕಾಯಿಲೆಯ ದೊಡ್ಡವರಿಗೆ ದಿನಕ್ಕೆ 3 ಲೀಟರ್ ಮೂತ್ರ ಬರುವಷ್ಟು ನೀರು ಕುಡಿಯಲು ಹೇಳಿರುತ್ತಾರೆ, ಆದರೆ ಕೈಗೆ ಬರುವುದು 2 ಲೀಟರಿನ ಕ್ಯಾನು. ಕ್ಯಾನ್ ತುಂಬೀತೆಂದು ಅಂದು ನೀರನ್ನೇ ಕಡಿಮೆ ಕುಡಿದವರನ್ನು ನೋಡಿದ್ದೇನೆ. ಎರಡು ಕ್ಯಾನ್ ಕೇಳಿ ತೆಗೆದುಕೊಳ್ಳಿ, ಎಂದಿನಂತೆಯೇ ಕುಡಿಯಿರಿ.

4. ಬಾಟಲಿಯ ಜೊತೆ ಒಂದು ಚೀಟಿ

ಈ ಹಂತವನ್ನು ಬಹುತೇಕ ಎಲ್ಲರೂ ಬಿಡುತ್ತಾರೆ. ನನ್ನ ಅನುಭವದಲ್ಲಿ ಬಾಟಲಿಯಷ್ಟೇ ಮುಖ್ಯವಾದದ್ದು ಈ ಚೀಟಿ. ಹಿಂದಿನ ಮೂರು ದಿನಗಳ ಔಷಧ, ಊಟ, ಆರೋಗ್ಯ ಅದರಲ್ಲಿರಬೇಕು.

ಔಷಧಗಳು ಮೂತ್ರದಲ್ಲಿ ತಮ್ಮದೇ ಗುರುತು ಬಿಡುತ್ತವೆ. ಫಿಟ್ಸ್‌ಗೆ ಕೊಡುವ ವ್ಯಾಲ್ಪ್ರೋಯೇಟ್ ಸಾವಯವ ಆಮ್ಲಗಳ ಚಿತ್ರವನ್ನೇ ಬದಲಿಸುತ್ತದೆ. ಅಮೋನಿಯ ಇಳಿಸಲು ಕೊಡುವ ಸೋಡಿಯಂ ಬೆಂಜೊಯೇಟ್ ಹಿಪ್ಯೂರಿಕ್ ಆಮ್ಲವಾಗಿ ಧಾರಾಳವಾಗಿ ಹೊರಬರುತ್ತದೆ. ಎಂಸಿಟಿ ಎಣ್ಣೆ (ಮಧ್ಯಮ ಉದ್ದದ ಸರಪಳಿಯ ಕೊಬ್ಬಿನ ಎಣ್ಣೆ) ಕುಡಿದ ಮಗುವಿನ ಮೂತ್ರದಲ್ಲಿ, ಕೊಬ್ಬು ಒಡೆಯುವ ದೋಷವಿರಬಹುದೇ ಎಂದು ಅನುಮಾನ ಹುಟ್ಟಿಸುವ ಆಮ್ಲಗಳು ಕಾಣುತ್ತವೆ. ರಕ್ತನಾಳದ ನಳಿಕೆ ಕಟ್ಟಿಕೊಳ್ಳದಿರಲು ಬಿಡುವ ಹೆಪಾರಿನ್ ತಾನೇ ಒಂದು ಗ್ಲೈಕೋಸಅಮಿನೊಗ್ಲೈಕನ್. ಆದ್ದರಿಂದ ಕಿಣ್ವದ ಇಂಜೆಕ್ಷನ್ ಕೊಡುವ ದಿನ ಮೂತ್ರ ಕೊಡುವುದಾದರೆ ನಳಿಕೆ ಹಾಕುವ ಮೊದಲೇ ಕೊಡಿ. ಸಿಸ್ಟಿನ್ಯೂರಿಯಕ್ಕೆ ಪೆನಿಸಿಲಮೈನ್ ಅಥವಾ ಟಯೊಪ್ರೋನಿನ್ ತೆಗೆದುಕೊಳ್ಳುತ್ತಿದ್ದರೆ ಸಾಮಾನ್ಯ ಸಿಸ್ಟೀನ್ ಪರೀಕ್ಷೆ ದಾರಿ ತಪ್ಪುತ್ತದೆ. ನಾಟಿ ಔಷಧ, ಕಷಾಯ, ಟಾನಿಕ್ ಇದ್ದರೂ ನಾಚದೆ ಬರೆಯಿರಿ. ಪರೀಕ್ಷೆಗಾಗಿ ಯಾವ ಔಷಧವನ್ನೂ ನೀವಾಗಿ ನಿಲ್ಲಿಸಬೇಡಿ. ಬರೆದರೆ ಸಾಕು.

ಮಿಥೈಲ್‌ಮಲೋನಿಕ್ ಅಸಿಡಿಮಿಯದ ಮನೆಯವರಿಗೆ ಇನ್ನೂ ಮೂರು ಮಾತು. ಬಿ12 ಇಂಜೆಕ್ಷನ್ ಕೊಟ್ಟ ದಿನಾಂಕ ಬರೆಯಿರಿ. ಕರುಳಿನ ಬ್ಯಾಕ್ಟೀರಿಯಗಳೂ ಪ್ರೊಪಿಯೋನೇಟ್ ತಯಾರಿಸುತ್ತವೆ, ಅದೇ ದೇಹದಲ್ಲಿ ಮಿಥೈಲ್‌ಮಲೋನಿಕ್ ಆಮ್ಲವಾಗುತ್ತದೆ. ಆದ್ದರಿಂದ ಮಗುವಿಗೆ ನಾಲ್ಕು ದಿನ ಮಲ ಕಟ್ಟಿದ್ದರೆ, ಊಟ ತೂಕದ ತಕ್ಕಡಿಯಷ್ಟು ಸರಿಯಿದ್ದರೂ ಸಂಖ್ಯೆ ಏರಬಹುದು. ಆ ಬ್ಯಾಕ್ಟೀರಿಯ ತಗ್ಗಿಸಲು ಮೆಟ್ರೋನಿಡಜೋಲ್ ಕೊಡುತ್ತಿದ್ದರೆ ಇಳಿಯಲೂಬಹುದು. ಜ್ವರ, ಲಸಿಕೆ, ಭೇದಿ, ಮಲಬದ್ಧತೆ ಎಲ್ಲವೂ ಚೀಟಿಗೆ ಬರಲಿ.

5. ಇಡುವುದು, ಸಾಗಿಸುವುದು

ಬೆಚ್ಚಗಿನ ಮೂತ್ರದಲ್ಲಿ ಬ್ಯಾಕ್ಟೀರಿಯ ಬೇಗ ಬೆಳೆಯುತ್ತವೆ. ಇರುವ ವಸ್ತುವನ್ನು ತಿಂದು, ಇಲ್ಲದ ಆಮ್ಲವನ್ನು ಹುಟ್ಟಿಸುತ್ತವೆ. ಹಿಡಿದ ಕೂಡಲೇ ಫ್ರಿಜ್ಜಿನಲ್ಲಿ ಇಡಿ. ಅಂದೇ ತಲುಪಿಸಲಾಗದಿದ್ದರೆ ಫ್ರೀಜರಿನಲ್ಲಿ ಗಡ್ಡೆ ಕಟ್ಟಿಸಿ. ಬಾಟಲಿಯನ್ನು ಮುಕ್ಕಾಲು ಮಾತ್ರ ತುಂಬಿಸಿ, ಹೆಪ್ಪುಗಟ್ಟುವಾಗ ಹಿಗ್ಗುತ್ತದೆ. ಕರೆಂಟು ಹೋಗಿ ಕರಗಿ ಮತ್ತೆ ಗಡ್ಡೆಯಾದ ಮಾದರಿಯನ್ನು ಕಳಿಸಬೇಡಿ.

ರಾತ್ರಿ ಬಸ್ಸಿನಲ್ಲಿ ಉತ್ತರದ ಜಿಲ್ಲೆಯೊಂದರಿಂದ ಬಂದ ಒಂದು ಡಬ್ಬಿ ಈಗಲೂ ಕಣ್ಣ ಮುಂದಿದೆ. ಐಸ್‌ಕ್ರೀಮ್ ಡಬ್ಬಿಯಲ್ಲಿ ಮಂಜುಗಡ್ಡೆ ತುಂಬಿ ಬಾಟಲಿ ಇಟ್ಟಿದ್ದರು. ಬೆಳಗಾಗುವಷ್ಟರಲ್ಲಿ ಮಂಜು ನೀರಾಗಿ, ಸಡಿಲ ಮುಚ್ಚಳದೊಳಗೆ ಇಳಿದು, ಸುತ್ತಿದ್ದ ಪತ್ರಿಕೆಯ ಶಾಯಿಯೂ ಹೆಸರಿನ ಚೀಟಿಯೂ ಒಂದಾಗಿದ್ದವು. ತಂದೆ ಹನ್ನೆರಡು ಗಂಟೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಆ ಮಾದರಿಯನ್ನು ತೆಗೆದುಕೊಳ್ಳಲಾಗುವುದಿಲ್ಲ ಎಂದು ಅವರಿಗೆ ಹೇಳಬೇಕಾಯಿತು. ಆದ್ದರಿಂದ: ಬಾಟಲಿಯ ಮುಚ್ಚಳದ ಸುತ್ತ ಅಂಟುಪಟ್ಟಿ, ಅದನ್ನು ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ, ಚೀಟಿ ಬೇರೆ ಚೀಲದಲ್ಲಿ, ಸುತ್ತ ಮುಚ್ಚಿದ ಐಸ್ ಪ್ಯಾಕ್‌ಗಳು, ಬಿಡಿ ಮಂಜುಗಡ್ಡೆ ಅಲ್ಲ, ಎಲ್ಲವೂ ಥರ್ಮೋಕೋಲ್ ಡಬ್ಬಿಯಲ್ಲಿ. ಕೊರಿಯರಿಗೆ ಸೋಮವಾರ, ಮಂಗಳವಾರ ಕೊಡಿ. ಶುಕ್ರವಾರ ಕೊಟ್ಟದ್ದು ಭಾನುವಾರವೆಲ್ಲ ಗೋದಾಮಿನಲ್ಲಿ ಕೂರುತ್ತದೆ.

ದೂರದ ಊರಿನವರಿಗೆ ಇನ್ನೊಂದು ದಾರಿಯಿದೆ. ಕೆಲವು ಲ್ಯಾಬುಗಳು ಸಾವಯವ ಆಮ್ಲಗಳ ಪರೀಕ್ಷೆಗೆ ಫಿಲ್ಟರ್ ಪೇಪರಿನಲ್ಲಿ ಒಣಗಿಸಿದ ಮೂತ್ರವನ್ನು ತೆಗೆದುಕೊಳ್ಳುತ್ತವೆ. ಅವರೇ ಕೊಟ್ಟ ಕಾಗದವನ್ನು ಮೂತ್ರದಲ್ಲಿ ನೆನೆಸಿ, ನೆರಳಿನಲ್ಲಿ ಪೂರ್ತಿ ಒಣಗಿಸಿ, ಕವರಿನಲ್ಲಿ ಹಾಕಿ ಅಂಚೆಗೆ ಕೊಟ್ಟರಾಯಿತು. ಬಿಸಿಲಿಗೆ ಇಡಬೇಡಿ, ಹೇರ್ ಡ್ರೈಯರ್ ಹಿಡಿಯಬೇಡಿ. ನಿಮ್ಮ ಲ್ಯಾಬು ಒಪ್ಪುತ್ತದೆಯೇ ಎಂದು ಮೊದಲೇ ಕೇಳಿ.

ಪೋರ್ಫೈರಿಯದ ಬಾಟಲಿಗೆ ಬೆಳಕು ತಾಗಬಾರದು. ಹಿಡಿದ ಕೂಡಲೇ ಅಲ್ಯೂಮಿನಿಯಂ ಫಾಯಿಲ್ ಸುತ್ತಿ. ಸಿಸ್ಟೀನ್ ತಂಪಿನಲ್ಲಿ ತಳಕ್ಕೆ ಹರಳಾಗಿ ಇಳಿಯುತ್ತದೆ. ಮೇಲಿನ ತಿಳಿಯನ್ನು ಮಾತ್ರ ಚಿಕ್ಕ ಬಾಟಲಿಗೆ ಬಗ್ಗಿಸಿ ತಂದರೆ ನಿಮ್ಮ ಕಾಯಿಲೆಯನ್ನು ಮನೆಯಲ್ಲೇ ಬಿಟ್ಟು ಬಂದಂತೆ. ಇಡೀ ಕ್ಯಾನನ್ನೇ ತನ್ನಿ.

6. ವರದಿಯನ್ನು ಓದುವುದು

ಆರಂಭದಲ್ಲಿ ಹೇಳಿದ 600 ಮತ್ತು 1,400ರ ಉತ್ತರ ಇಲ್ಲಿದೆ. ಮೊದಲು ಅಳತೆಯ ಮಾನ ನೋಡಿ. ಒಂದು ಲ್ಯಾಬು "ಒಂದು ಮೋಲ್ ಕ್ರಿಯಾಟಿನಿನ್‌ಗೆ ಇಷ್ಟು ಮಿಲಿಮೋಲ್" ಎಂದು ಕೊಡುತ್ತದೆ, ಇನ್ನೊಂದು "ಒಂದು ಗ್ರಾಂಗೆ ಇಷ್ಟು ಮಿಲಿಗ್ರಾಂ" ಎಂದು. ಎರಡನ್ನೂ ನೇರವಾಗಿ ಹೋಲಿಸಬಾರದು. ಆದಷ್ಟೂ ಒಂದೇ ಲ್ಯಾಬಿಗೆ ಕಳಿಸಿ.

ಕ್ರಿಯಾಟಿನಿನ್ ಎಂದರೆ ಸ್ನಾಯುಗಳಿಂದ ದಿನವೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಹೊರಬರುವ ವಸ್ತು. ಹೆಚ್ಚು ನೀರು ಕುಡಿದರೆ ಮೂತ್ರ ತೆಳುವಾಗುತ್ತದೆ, ಸೂಚಕವೂ ಕ್ರಿಯಾಟಿನಿನ್ನೂ ಜೊತೆಯಲ್ಲೇ ತೆಳುವಾಗುತ್ತವೆ. ಒಂದನ್ನು ಇನ್ನೊಂದರಿಂದ ಭಾಗಿಸಿದರೆ ನೀರಿನ ಪ್ರಭಾವ ಕಳೆದುಹೋಗುತ್ತದೆ. ಲೆಕ್ಕ ಹೀಗೆ: ಲೀಟರಿಗೆ 2 ಮಿಲಿಮೋಲ್ ಮಿಥೈಲ್‌ಮಲೋನಿಕ್ ಆಮ್ಲ, 2 ಮಿಲಿಮೋಲ್ ಕ್ರಿಯಾಟಿನಿನ್ ಇದ್ದರೆ ವರದಿಯಲ್ಲಿ 1,000. ಆಮ್ಲ ಅಷ್ಟೇ ಇದ್ದು ಕ್ರಿಯಾಟಿನಿನ್ 1 ಮಿಲಿಮೋಲ್ ಆದರೆ 2,000. ಅಂದರೆ ಕಾಯಿಲೆಯಿಂದ ಮಲಗಿ ಸ್ನಾಯು ಕರಗಿದ, ಸೊರಗಿದ ಮಗುವಿನಲ್ಲಿ ಆಮ್ಲ ಏರದಿದ್ದರೂ ಸಂಖ್ಯೆ ಏರಿದಂತೆ ಕಾಣುತ್ತದೆ. ವರದಿಯಲ್ಲಿ ಕ್ರಿಯಾಟಿನಿನ್ ಬೇರೆಯಾಗಿ ಎಷ್ಟಿದೆ ಎಂದು ನೋಡಿ. ತೀರಾ ಕಡಿಮೆಯಿದ್ದರೆ ಮತ್ತೊಮ್ಮೆ ಬೆಳಗಿನ ಮೂತ್ರ ಕೊಡಬೇಕೇ ಎಂದು ವೈದ್ಯರನ್ನು ಕೇಳಿ.

ಇಳಿದ ಸಂಖ್ಯೆಗೂ ಅಷ್ಟೇ ಎಚ್ಚರ ಬೇಕು. ಮಿಥೈಲ್‌ಮಲೋನಿಕ್ ಅಸಿಡಿಮಿಯ ವರ್ಷಗಳು ಕಳೆದಂತೆ ಮೂತ್ರಪಿಂಡವನ್ನು ಸೋಲಿಸಬಹುದು; ಸೋತ ಮೂತ್ರಪಿಂಡ ಆಮ್ಲವನ್ನು ಹೊರಹಾಕದೆ ರಕ್ತದಲ್ಲೇ ಉಳಿಸುತ್ತದೆ. ವೈದ್ಯರು ರಕ್ತವನ್ನೂ ಕೇಳಿದರೆ ಬೇಸರಿಸಬೇಡಿ. ಗ್ಲೈಕೋಸಅಮಿನೊಗ್ಲೈಕನ್ ಎಳೆಯ ಮಕ್ಕಳಲ್ಲಿ ಸಹಜವಾಗಿಯೇ ಹೆಚ್ಚಿದ್ದು ವಯಸ್ಸಿನೊಂದಿಗೆ ಇಳಿಯುತ್ತದೆ, ಹಾಗಾಗಿ ಮಗುವಿನ ವಯಸ್ಸಿನ ಮಿತಿಯೊಂದಿಗೆ ಹೋಲಿಸಬೇಕು. ಯಾವ ಸಂದರ್ಭದಲ್ಲೂ ಒಂದು ವರದಿ ನೋಡಿ ಪ್ರೋಟೀನ್ ಕಡಿಮೆ ಮಾಡಬೇಡಿ. ಬೆಳೆಯುವ ಮಗುವಿಗೆ ಪ್ರೋಟೀನ್ ಸಾಲದಾದರೆ ದೇಹ ತನ್ನನ್ನೇ ಒಡೆದುಕೊಳ್ಳುತ್ತದೆ, ಸಂಖ್ಯೆ ಇನ್ನೂ ಏರುತ್ತದೆ.

7. ಮನೆಯಲ್ಲೇ ನೋಡಬಹುದಾದದ್ದು

ಕೀಟೋನ್ ಪಟ್ಟಿ: ದೇಹ ಆಹಾರ ಸಾಲದೆ ಕೊಬ್ಬು ಕರಗಿಸುತ್ತಿದೆ ಎಂಬುದರ ಸುಳಿವು. ಸಾವಯವ ಆಮ್ಲದ ದೋಷ, ಮೇಪಲ್ ಸಿರಪ್ ರೋಗ ಇರುವ ಮಗುವಿಗೆ ಜ್ವರ ಬಂದಾಗ ಉಪಯೋಗಕ್ಕೆ ಬರುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಸೆಕೆಂಡಿಗೆ ಸರಿಯಾಗಿ ಬಣ್ಣ ನೋಡಿ. ಐದು ನಿಮಿಷ ಬಿಟ್ಟು ನೋಡಿದ ಬಣ್ಣಕ್ಕೆ ಅರ್ಥವಿಲ್ಲ. ಮಳೆಗಾಲದ ತೇವಕ್ಕೆ ಪಟ್ಟಿ ಕೆಡುತ್ತದೆ, ಡಬ್ಬಿಯ ಮುಚ್ಚಳ ಕೂಡಲೇ ಮುಚ್ಚಿ. ಪಟ್ಟಿ ತೋರಿಸುವುದು ಒಂದು ಬಗೆಯ ಕೀಟೋನ್ ಮಾತ್ರ. ಬಣ್ಣ ಬದಲಾಗದಿದ್ದರೂ ಮಗು ಮಂಕಾಗಿದ್ದರೆ ಮಗುವನ್ನು ನಂಬಿ, ಪಟ್ಟಿಯನ್ನಲ್ಲ.

ಪಿಎಚ್ ಪಟ್ಟಿ: ಸಿಸ್ಟಿನ್ಯೂರಿಯ ಇರುವವರಿಗೆ. ಪಿಎಚ್ ಎಂದರೆ ಆಮ್ಲ, ಕ್ಷಾರದ ಅಳತೆ. ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಮೂತ್ರವನ್ನು ಸುಮಾರು 7.5ರ ಹತ್ತಿರ ಇರಿಸುವುದು ಗುರಿ. ಲೀಟರ್ ಮೂತ್ರದಲ್ಲಿ ಸಿಸ್ಟೀನ್ 250 ಮಿ.ಗ್ರಾಂ ಮೀರಬಾರದು ಎನ್ನುವುದು ಇದರ ಹಿಂದಿನ ಲೆಕ್ಕ. ತುಂಬಾ ಮೇಲೇರಿಸಿದರೆ ಕ್ಯಾಲ್ಸಿಯಂ ಫಾಸ್ಫೇಟ್ ಕಲ್ಲು ಹುಟ್ಟಿಕೊಳ್ಳುತ್ತದೆ. ಆಗಷ್ಟೇ ಹೊಯ್ದ ಮೂತ್ರದಲ್ಲೇ ನೋಡಿ, ನಿಂತ ಮೂತ್ರ ತಾನಾಗಿ ಕ್ಷಾರವಾಗುತ್ತದೆ. ರಾತ್ರಿಯೇ ಮೂತ್ರ ಗಟ್ಟಿಯಾಗಿ ಕಲ್ಲು ಕಟ್ಟುವ ಹೊತ್ತು, ಹಾಗಾಗಿ ಬೆಳಗಿನ ಪಿಎಚ್ ಬರೆದಿಡಿ.

ವಾಸನೆಯ ಬಗ್ಗೆ ಒಂದು ಮಾತು. ಮೇಪಲ್ ಸಿರಪ್ ರೋಗದ ಮೂತ್ರಕ್ಕೆ ಸುಟ್ಟ ಸಕ್ಕರೆಯ ವಾಸನೆ ಎನ್ನುತ್ತಾರೆ. ಆ ವಾಸನೆಗೆ ಕಾರಣವಾದ ಸೊಟೊಲೋನ್ ಎಂಬ ವಸ್ತು ನಮ್ಮ ಮೆಂತ್ಯದಲ್ಲೂ ಇದೆ. ಬಾಣಂತಿ ಮೆಂತ್ಯದ ಉಂಡೆ ತಿಂದರೆ ಕೂಸಿನ ಮೈ, ಮೂತ್ರದಲ್ಲಿ ಅದೇ ವಾಸನೆ ಬರಬಹುದು. ಅದಕ್ಕೆ ಹೆದರಬೇಕಿಲ್ಲ. ಆದರೆ ಕೂಸು ಹಾಲು ಕುಡಿಯದೆ ಮಂಕಾಗಿದ್ದರೆ ಮೆಂತ್ಯದ ಮೇಲೆ ಹೊರಿಸಿ ಸುಮ್ಮನಿರಬೇಡಿ.

8. ಒಂದು ನೋಟ್‌ಬುಕ್

ಫೈಲಿನಲ್ಲಿ ವರದಿಗಳನ್ನು ಸುಮ್ಮನೆ ತುಂಬುವುದಕ್ಕಿಂತ 100 ಪುಟದ ಒಂದು ನೋಟ್‌ಬುಕ್ ಮೇಲು. ಒಂದು ಮಾದರಿಗೆ ಒಂದು ಸಾಲು: "ಜೂನ್ 12, ಬೆಳಿಗ್ಗೆ 6.30. ತೂಕ 11.2 ಕೆಜಿ. ಮೂರು ದಿನ ಮಲ ಕಟ್ಟಿತ್ತು. ಬಿ12 ಜೂನ್ 9ಕ್ಕೆ. ಜ್ವರ ಇಲ್ಲ. ಕ್ರಿಯಾಟಿನಿನ್ ಕಡಿಮೆ. ಫಲಿತಾಂಶ 1,400." ಇಷ್ಟಿದ್ದರೆ ವೈದ್ಯರು ಆ 1,400ನ್ನು ಕಂಡು ಊಟದ ಪಟ್ಟಿಯನ್ನು ತಿದ್ದುವ ಮೊದಲು ಹೊಟ್ಟೆ ಸರಿಮಾಡುತ್ತಾರೆ.

ಕರ್ನಾಟಕದವರು ಈ ನೋಟ್‌ಬುಕ್ ಹಿಡಿದು ಹೋಗಬಹುದಾದ ಜಾಗ, ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ. 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಡಿ ಇವು ಜೊತೆಯಾಗಿ ಉತ್ಕೃಷ್ಟತಾ ಕೇಂದ್ರ. ಪಟ್ಟಿಯಲ್ಲಿರುವ ಕಾಯಿಲೆಗಳಿಗೆ ಇಂಥ ಕೇಂದ್ರಗಳ ಮೂಲಕ 50 ಲಕ್ಷ ರೂಪಾಯಿವರೆಗೆ ನೆರವಿಗೆ ಅವಕಾಶವಿದೆ. ಅರ್ಜಿಗೆ ಹಳೆಯ ವರದಿಗಳೆಲ್ಲ ಬೇಕಾಗುತ್ತವೆ, ಮೂಲ ಪ್ರತಿಯನ್ನು ಯಾರಿಗೂ ಕೊಟ್ಟುಬಿಡಬೇಡಿ.

ಮತ್ತೆ ಮತ್ತೆ ಬರುವ ಇನ್ನೊಂದು ಪ್ರಶ್ನೆ: "ಎರಡನೇ ಮಗು ಹುಟ್ಟಿದೆ, ಮೂತ್ರ ನೋಡಿದರೆ ಸಾಕೇ?" ಸಾಲದು. ಕೆಲವು ದೋಷಗಳಲ್ಲಿ ಮಗು ಚೆನ್ನಾಗಿರುವಾಗ ಮೂತ್ರ ಸಹಜವಾಗಿಯೇ ಕಾಣುತ್ತದೆ. ಸೋದರಮಾವನನ್ನೋ ಅತ್ತೆಯ ಮಗನನ್ನೋ ಮದುವೆಯಾದ ಮನೆಗಳಲ್ಲಿ ಈ ಕಾಯಿಲೆಗಳು ಹೆಚ್ಚು ಕಾಣುವುದರಿಂದ, ಮೊದಲ ಮಗುವಿನ ವಂಶವಾಹಿ ಪರೀಕ್ಷೆಯ ವರದಿಯನ್ನು ಜೋಪಾನವಾಗಿಟ್ಟು, ಮುಂದಿನ ಗರ್ಭ ನಿಂತ ಕೂಡಲೇ ವೈದ್ಯರ ಮುಂದಿಡಿ. ಹೆರಿಗೆಗೆ ಮೊದಲೇ ಮಕ್ಕಳ ವೈದ್ಯರಿಗೂ ತಿಳಿಸಿದ್ದರೆ, ಹುಟ್ಟಿದ ಎರಡು ಮೂರು ದಿನಗಳೊಳಗೆ, ಕೂಸು ಮಂಕಾಗುವ ಮೊದಲೇ, ರಕ್ತ ಮತ್ತು ಮೂತ್ರ ಎರಡೂ ಲ್ಯಾಬಿಗೆ ಹೊರಟಿರುತ್ತವೆ.